ಹದಿನೈದನೆಯ ಸದಸ್ಯ

ಮೊಂತಾಲ್ಫಿಯೆರೊ ಪುರಸಭೆಯಲ್ಲಿ ಹದಿನೈದು ಸದಸ್ಯರಿದ್ದಾರೆ. ಹದಿನಾಲ್ಕು ಜನ ಮಾತಾಡುತ್ತಾರೆ. ಹದಿನೈದನೆಯವರು ಸಂತ ಓರ್ಸೊಲಾನೊ. ಕೂತ ಭಂಗಿಯ ಮರದ ವಿಗ್ರಹ, ಎದೆಯವರೆಗೆ ಗಡ್ಡ, ಬಲಗೈಯಲ್ಲಿ ಎರಡು ಬೆರಳಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಇಬ್ಬರು ಜವಾನರು ಅವರನ್ನು ಪಕ್ಕದ ಚರ್ಚಿನಿಂದ ಹೊತ್ತು ತಂದು ಮೇಯರ್ ಬಲಕ್ಕಿರುವ ಕುರ್ಚಿಯಲ್ಲಿ ಇಡುತ್ತಾರೆ. ಹಾಜರಿಯಲ್ಲಿ ಅವರ ಹೆಸರನ್ನೂ ಕರೆಯಬೇಕು. ಕರೆಯುವವನು ನಾನು, ಪುರಸಭೆಯ ಗುಮಾಸ್ತ.

ನಾನು ತತ್ವಶಾಸ್ತ್ರದ ಪದವೀಧರ. ಮೌನದ ಬಗ್ಗೆ ನಾನೂರು ಪುಟದ ಪ್ರಬಂಧ ಬರೆದಿದ್ದೆ. ಅಂಥವನಿಗೆ ಇಡೀ ಇಟಲಿಯಲ್ಲಿ ಕೆಲಸವಿದ್ದದ್ದು ನನ್ನ ಊರಲ್ಲಿ ಮಾತ್ರ. ಯಾಕೆಂದರೆ ಇಲ್ಲಿ ಮತಗಳು ಸಮಸಮವಾದಾಗ ಗುಮಾಸ್ತನು ಸಂತರ ಕಿವಿಯ ಹತ್ತಿರ ನಿಂತು ಠರಾವನ್ನು ಮೂರು ಸಲ ಓದಬೇಕು. ಪ್ರತಿ ಸಲ ಓದಿದ ಮೇಲೆ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿ ಮುಗಿಸುವಷ್ಟು ಹೊತ್ತು ಕಾಯಬೇಕು. ಆಮೇಲೆ ನಡಾವಳಿ ಪುಸ್ತಕದಲ್ಲಿ ಬರೆಯಬೇಕು: ‘ಸಂತರು ಮೌನವಾಗಿದ್ದರು. ಆದ್ದರಿಂದ ಒಪ್ಪಿಗೆ.’

ಇದು ಆರುನೂರು ವರ್ಷಗಳ ಹಿಂದಿನ ಕಟ್ಟಳೆ. ಅಂದಿನ ಬಿಷಪ್ಪರು ಪುರಸಭೆಯಲ್ಲಿ ತಮಗೊಂದು ಮತ ಬೇಕೆಂದು ಹಟ ಹಿಡಿದರು. ಇಲ್ಲವೆನ್ನಲು ಹಿರಿಯರಿಗೆ ಬಹಿಷ್ಕಾರದ ಭಯ, ಹೌದೆನ್ನಲು ಮನಸ್ಸಿಲ್ಲ. ‘ನೀವು ಎಷ್ಟಾದರೂ ಮನುಷ್ಯರು, ಸಾಕ್ಷಾತ್ ಸಂತರೇ ಬಂದು ಕೂರಲಿ’ ಎಂದರು. ಸಂತರ ಪರವಾಗಿ ಮಾತಾಡುವವರು ತಾವೇ ತಾನೆ ಎಂದುಕೊಂಡು ಬಿಷಪ್ಪರು ಮುದ್ರೆ ಒತ್ತಿದರು. ಸಂತರ ಪರವಾಗಿ ಯಾರೂ ಮಾತಾಡಕೂಡದು, ಅವರನ್ನೇ ಕೇಳತಕ್ಕದ್ದು, ಸುಮ್ಮನಿದ್ದರೆ ಒಪ್ಪಿಗೆ ಎಂಬ ಕೊನೆಯ ಸಾಲನ್ನು ಅವರು ಓದಿದ್ದು ಮುದ್ರೆ ಆರಿದ ಮೇಲೆ. ಸಿಟ್ಟಿನಿಂದ ಊರಿಗೆ ಹನ್ನೊಂದು ವರ್ಷ ಬಹಿಷ್ಕಾರ ಹಾಕಿದರು. ಬಹಿಷ್ಕಾರವನ್ನು ಲೆಕ್ಕಿಸಬೇಕಾಗಿಲ್ಲ ಎಂದು ಪುರಸಭೆ ಠರಾವು ಮಾಡಿತು. ಅದಕ್ಕೂ ಸಂತರು ಮೌನವಾಗಿದ್ದರು.

ಆಮೇಲೆ ಪೋಪರ ಅಧಿಕಾರಿಗಳು ಬಂದರು, ಫ್ರೆಂಚ್ ಸಿಪಾಯಿಗಳು ಬಂದರು, ಅರಸ ಬಂದ, ಫ್ಯಾಸಿಸ್ಟರ ಕರಿ ಅಂಗಿಯವರು ಬಂದರು. ಫ್ರೆಂಚರು ಎಲ್ಲ ಸಂತರನ್ನೂ ಕಿತ್ತುಹಾಕಿ ಇವರನ್ನು ಮಾತ್ರ ‘ನಾಗರಿಕ ಓರ್ಸೊಲಾನೊ’ ಎಂದು ಉಳಿಸಿಕೊಂಡರು. ಕರಿ ಅಂಗಿಯವರು ಇವರಿಗೂ ಒಂದು ಅಂಗಿ ತೊಡಿಸಿದರು; ಅದನ್ನು ನುಸಿ ತಿಂದಿತು. ಯಾರು ಬಂದರೂ ಇವರನ್ನು ತೆಗೆಯಲಿಲ್ಲ. ಯಾವಾಗಲೂ ಹೌದೆನ್ನುವ ಸದಸ್ಯನನ್ನು ಯಾವ ಸರ್ಕಾರ ತಾನೇ ಬಿಟ್ಟುಕೊಡುತ್ತದೆ?

ಈಗ ಶಿಲುಬೆ ಪಕ್ಷದವರು ಏಳು, ಕೆಂಪು ಪಕ್ಷದವರು ಏಳು. ಹಾಗಾಗಿ ಯಾರು ಠರಾವು ತರುತ್ತಾರೋ ಅವರದೇ ಗೆಲುವು. ಜಗಳ ಬೇಡವೆಂದು ಒಂದು ಗುರುವಾರ ಅವರು, ಮುಂದಿನ ಗುರುವಾರ ಇವರು ಎಂದು ಮಾಡಿಕೊಂಡಿದ್ದಾರೆ. ಶಿಲುಬೆಯವರು ಚೌಕದ ಕಾರಂಜಿಯನ್ನು ಚರ್ಚಿನ ಕಡೆ ತಿರುಗಿಸಿದರೆ ಕೆಂಪಿನವರು ಮುಂದಿನ ವಾರ ಸಹಕಾರಿ ಸಂಘದ ಕಡೆ ತಿರುಗಿಸುತ್ತಾರೆ. ಮೇಯರನ್ನು ಕೂಡ ಹೀಗೆಯೇ ಏರಿಸಿ ಇಳಿಸಿ ಮೂರು ತಿಂಗಳು ನಡೆದಿತ್ತು. ಕೊನೆಗೆ ಇಬ್ಬರಿಗೂ ಸುಸ್ತಾಗಿ, ಶಿಲುಬೆ ಪಕ್ಷದ, ಔಷಧಿ ಅಂಗಡಿಯ ಫುಲ್ಜೆನ್ಸಿಯೊ ಬರ್ತಾಚಿ ಅವರನ್ನು ಕುರ್ಚಿಯಲ್ಲೇ ಬಿಟ್ಟರು.

ಆ ಏಪ್ರಿಲ್‌ನಲ್ಲಿ ಬರ್ತಾಚಿ ತಂದದ್ದು ಗುಡ್ಡದ ಮಠದ ಠರಾವು. ಕನ್ಯಾಸ್ತ್ರೀಯರ ಆ ಮಠ ನೂರು ವರ್ಷದಿಂದ ಪುರಸಭೆಯ ಆಸ್ತಿ. ಒಳಗೆ ಉಳಿದಿದ್ದವರು ಒಬ್ಬರೇ, ಎಪ್ಪತ್ತೆಂಟು ವರ್ಷದ ಮದರ್ ಪಾಚೀಫಿಕಾ. ಅವರನ್ನು ಕಡಲ ತೀರದ ಇನ್ನೊಂದು ಮಠಕ್ಕೆ ಕಳಿಸಿ ಇಲ್ಲಿ ಹೋಟೆಲ್ ಮಾಡುವುದು ಮೇಯರ್ ಯೋಚನೆ. ಗುರುವಾರ ಠರಾವು, ಶುಕ್ರವಾರ ಬೆಳಿಗ್ಗೆ ವ್ಯಾನ್. ಒಮ್ಮೆ ಮುಚ್ಚಿದ ಮಠವನ್ನು ಚರ್ಚು ಮತ್ತೆ ತೆರೆಯುವುದಿಲ್ಲ. ಆದ್ದರಿಂದ ಕೆಂಪಿನವರ ಮುಂದಿನ ಗುರುವಾರದಿಂದ ಏನೂ ಪ್ರಯೋಜನವಿರಲಿಲ್ಲ.

ನನಗೆ ಆ ವಾರ ಊಟ ಸೇರಲಿಲ್ಲ. ಮೂರು ವರ್ಷದಿಂದ ಪ್ರತಿ ಬುಧವಾರ ಮಧ್ಯಾಹ್ನ ನಾನು ಆ ಮಠದ ಭೇಟಿಯ ಕೋಣೆಗೆ ಹೋಗುತ್ತಿದ್ದೆ. ಗೋಡೆಯಲ್ಲಿ ಕಬ್ಬಿಣದ ಜಾಲರಿ, ಅದರ ಹಿಂದೆ ಕಪ್ಪು ಪರದೆ, ಪರದೆಯ ಹಿಂದೆ ಮದರ್. ಅವರದು ಮೌನದ ವ್ರತ. ನಾನು ಬೆಂಚಿನ ಮೇಲೆ ಕೂರುತ್ತಿದ್ದೆ, ಅವರು ಆಚೆ ಕೂರುತ್ತಿದ್ದರು. ಒಂದು ಗಂಟೆ ಯಾರೂ ಏನೂ ಹೇಳುತ್ತಿರಲಿಲ್ಲ. ಊರಿನ ಮಾತಿನಿಂದ ನನ್ನೊಳಗೆ ಎದ್ದ ಧೂಳು ಅಲ್ಲಿ ನಿಧಾನಕ್ಕೆ ಕೆಳಗೆ ಕೂರುತ್ತಿತ್ತು. ನನ್ನನ್ನು ಯಾರಾದರೂ ಅರ್ಥ ಮಾಡಿಕೊಂಡಿದ್ದರೆ ಅದು ಆ ಪರದೆಯ ಹಿಂದಿನವರು ಎಂದು ನಂಬಿದ್ದೆ. ಅವರು ಹೋದರೆ ಊರಿನಲ್ಲಿ ನನಗೆ ಉಳಿಯುವುದು ಆ ಹದಿನಾಲ್ಕು ಜನರ ಮಾತು ಮಾತ್ರ.

ಗುರುವಾರ ಸಭೆ ತುಂಬಿತ್ತು. ಕೆಂಪಿನವರ ಮುಖಂಡ, ಕಲ್ಲು ಕೆಲಸದ ಲಿಬೇರೊ ತೊಂದಿನಿ, ಎದ್ದು ನಿಂತ.

“ಹೋಟೆಲ್ ಅಂತೆ ಹೋಟೆಲ್! ನಡೆಸೋನು ನಿನ್ನ ಭಾವಮೈದ. ಆ ಮುದುಕಮ್ಮ ಪ್ರಾರ್ಥನೆ ಮಾಡೋ ಜಾಗದಲ್ಲಿ ಜರ್ಮನಿಯೋರು ಚಡ್ಡಿ ಹಾಕ್ಕೊಂಡು ಬಿಯರ್ ಕುಡೀಬೇಕಾ?”

“ನೀನು ಯಾವತ್ತಿಂದಪ್ಪಾ ಕನ್ಯಾಸ್ತ್ರೀಯರ ಕಾವಲಿಗೆ ನಿಂತಿದ್ದು?” ಎಂದರು ಮೇಯರ್. “ಸಾಕಿರೋ ನಾಯಿಗೆ ಪೋಪ್ ಅಂತ ಹೆಸರಿಟ್ಟವನು ನೀನು.”

“ನಾಯಿ ಮಾತು ಬೇರೆ. ಅದು ಕರೆದ್ರೆ ಬರುತ್ತೆ.”

ಕೈ ಎತ್ತಿದರು. ಏಳು, ಏಳು. ನಾನು ಎದ್ದು ಸಂತರ ಕಿವಿಯ ಹತ್ತಿರ ನಿಂತು ಓದಿದೆ. ಮೊದಲ ಸಲ ಮೌನ. ಎರಡನೆಯ ಸಲ ಮೌನ. ಮೂರನೆಯ ಸಲ, ಪ್ರಾರ್ಥನೆಯಲ್ಲಿ ನಾನು ‘ನಮ್ಮ ಅನುದಿನದ ಆಹಾರವನ್ನು’ ಎಂಬಲ್ಲಿಗೆ ಬಂದಿದ್ದಾಗ, ಸಂತರ ಎದೆಯೊಳಗಿಂದ ‘ಟಕ್’ ಎಂದಿತು.

ಮರ ಕೊರೆಯುವ ಹುಳವೆಂದು ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷದಿಂದ ಅವರ ಕುರ್ಚಿಯ ಕೆಳಗಿನ ಮರದ ಪುಡಿಯನ್ನು ಒರೆಸುತ್ತಿದ್ದವನು ನಾನೇ. ಆದರೆ ನನ್ನ ಕೈಯಲ್ಲಿ ಲೇಖನಿ ಇತ್ತು, ಎದುರಿಗೆ ನಡಾವಳಿ ಪುಸ್ತಕ ಇತ್ತು. ನಾನು ಬರೆದೆ. ಬರೆದದ್ದನ್ನು ಕಟ್ಟಳೆಯಂತೆ ಗಟ್ಟಿಯಾಗಿ ಓದಿದೆ: ‘ಸಂತರು ಮೌನವಾಗಿರಲಿಲ್ಲ.’

ಸಭೆಯಲ್ಲಿ ಯಾರೋ ಕೆಮ್ಮಿದರು.

“ದೊತ್ತೋರೆ,” ಎಂದರು ಮೇಯರ್. ಪದವಿ ಪಡೆದವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ, ಬೈಯುವಾಗಲೂ. “ಇನ್ನೊಂದ್ಸಲ ಓದಿ.”

ಓದಿದೆ.

“ಮೌನ ಇರ್ಲಿಲ್ಲ ಅಂದ್ರೆ? ಏನಂದ್ರು?”

“ಟಕ್ ಅಂದ್ರು.”

“ಟಕ್ ಅಂದ್ರೆ ಹೌದು ಅಂತಾನೋ, ಬೇಡ ಅಂತಾನೋ?”

“ಅದೂ ಗೊತ್ತಾಗ್ಲಿಲ್ವಾ ನಿಮಗೆ?” ಲಿಬೇರೊ ಕುರ್ಚಿಯ ಮೇಲೆ ಹತ್ತಿದ್ದ. “ಹೌದು ಅನ್ನೋಕೆ ಆತ ಆರುನೂರು ವರ್ಷದಲ್ಲಿ ಒಂದು ಸಲಾನೂ ಬಾಯಿ ಬಿಟ್ಟಿಲ್ಲ. ಇವತ್ತು ಬಿಟ್ಟಿದ್ದಾನೆ ಅಂದ್ರೆ ಬೇಡ ಅಂತಾನೇ! ಕಾಮ್ರೇಡ್ ಓರ್ಸೊಲಾನೊಗೆ ಜಯವಾಗಲಿ!”

“ಅದು ಮರ ಕಣಯ್ಯಾ! ಮರ ಮಾತಾಡುತ್ತಾ?”

“ಕೇಳ್ರಪ್ಪಾ, ಎಲ್ಲಾರೂ ಕೇಳ್ರಿ! ಶಿಲುಬೆ ಪಕ್ಷದ ಮೇಯರು ಸಂತರನ್ನ ಮರ ಅಂತಿದ್ದಾರೆ!”

ಠರಾವು ಬಿದ್ದುಹೋಯಿತು. ಶುಕ್ರವಾರದ ವ್ಯಾನ್ ಬರಲಿಲ್ಲ. ನಾನು ಮನೆಗೆ ಹೋಗಿ ಎರಡು ತಟ್ಟೆ ಪಾಸ್ತಾ ತಿಂದೆ.

ಮರುದಿನದಿಂದ ಊರು ತಲೆಕೆಳಗಾಯಿತು. ಕೆಂಪು ಪಕ್ಷದವರು ‘ಸಂತರು ಮಾತಾಡಿದ್ದಾರೆ!’ ಎಂಬ ಭಿತ್ತಿಪತ್ರಗಳನ್ನು ಸುತ್ತಿಗೆ ಕುಡುಗೋಲಿನ ಗುರುತಿನ ಕೆಳಗೆ ಅಚ್ಚು ಹಾಕಿಸಿ ಗೋಡೆಗಳಿಗೆ ಅಂಟಿಸಿದರು. ಯುದ್ಧ ಮುಗಿದಾಗಿನಿಂದ ಚರ್ಚಿನ ಮೆಟ್ಟಿಲು ತುಳಿಯದಿದ್ದ ಗಂಡಸರು ಟೋಪಿ ತೆಗೆದು ಸಾಲಾಗಿ ಮೇಣದಬತ್ತಿ ಹಚ್ಚಿದರು. ಇತ್ತ ಮೇಯರ್ ತಮ್ಮ ಅಂಗಡಿಯ ಗಾಜಿನ ಕಪಾಟಿನಿಂದ ಪ್ರಾರ್ಥನಾ ಮಾಲೆಗಳನ್ನು ತೆಗೆಸಿ, ಹುಳದ ಔಷಧಿಯ ಡಬ್ಬಗಳನ್ನು ಜೋಡಿಸಿದರು. ದಿನವೂ ಪೂಜೆಗೆ ಹೋಗುತ್ತಿದ್ದ ಅವರ ಹೆಂಡತಿ, ಪವಾಡ ಎನ್ನುವುದೆಲ್ಲ ಅಜ್ಞಾನವೆಂದು ಬೇಕರಿಯಲ್ಲಿ ಭಾಷಣ ಮಾಡಿದರು.

ಮಂಗಳವಾರ ಬಿಷಪ್ಪರ ಕಡೆಯಿಂದ ಒಬ್ಬ ಮೊನ್ಸಿನ್ಯೋರ್ ಬಂದರು. ತೆಳ್ಳಗಿನ, ಮೂಗು ಒರೆಸಿಕೊಳ್ಳುತ್ತಲೇ ಇರುವ ಹಿರಿಯ ಪಾದ್ರಿ. ಜೊತೆಗೆ ಒಬ್ಬ ಬಡಗಿ. ಬಡಗಿ ಸಂತರ ಬೆನ್ನಿಗೆ ಕಿವಿ ಇಟ್ಟು, “ಸಂಸಾರಾನೇ ಇದೆ ಒಳಗೆ. ಸೂಜೀಲಿ ಸೀಮೆಎಣ್ಣೆ ಬಿಟ್ರೆ ಎರಡು ದಿನದಲ್ಲಿ ಸಾಫ್,” ಎಂದ.

“ಮುಟ್ಟಿ ನೋಡು!” ಲಿಬೇರೊ ಅಡ್ಡ ನಿಂತ. “ಚುನಾಯಿತ ಸದಸ್ಯನಿಗೆ ವಿಷ ಹಾಕ್ತಿದ್ದಾರೆ ಅಂತ ಪೊಲೀಸ್‌ಗೆ ಬರೆದುಕೊಡ್ತೀನಿ.”

ಮೊನ್ಸಿನ್ಯೋರ್ ಅವನನ್ನು ಕಿಟಕಿಯ ಹತ್ತಿರ ಕರೆದರು. ನಾನು ದಾಖಲೆ ಬರೆಯುವ ನೆಪದಲ್ಲಿ ಅಲ್ಲೇ ಇದ್ದೆ.

“ನೋಡು ಮಗಾ, ನಿನಗೆ ದೇವರಲ್ಲಿ ನಂಬಿಕೆ ಇದೆಯಾ?”

“ಇಲ್ಲ ಫಾದರ್.”

“ಮತ್ತೆ ಪವಾಡದಲ್ಲಿ?”

“ಈ ಒಂದರಲ್ಲಿ ಇದೆ.”

“ಸಂತರು ಇವತ್ತು ಹೋಟೆಲ್ ಬೇಡ ಅಂದ್ರು ಅಂತ ನಾವು ಒಪ್ಪಿಕೊಂಡ್ವಿ ಅಂತಿಟ್ಕೋ. ನಾಳೆ ಅದೇ ಸಂತರು ಬಿಷಪ್ಪರೂ ಬೇಡ ಅಂದ್ರೆ?”

“ಅದು ನಿಮ್ಮ ನಿಮ್ಮೊಳಗಿನ ವಿಷಯ ಫಾದರ್. ನಾವು ಅದರಲ್ಲಿ ತಲೆ ಹಾಕಲ್ಲ.”

ಮೊನ್ಸಿನ್ಯೋರ್ ಮೂಗು ಒರೆಸಿಕೊಂಡು ಆಜ್ಞೆ ಬರೆಸಿದರು. ಗುರುವಾರ ಬಹಿರಂಗ ವಿಚಾರಣೆ. ತೀರ್ಪು ಬರುವವರೆಗೆ ಎಲ್ಲವೂ ಇದ್ದ ಹಾಗೇ ಇರತಕ್ಕದ್ದು. ಜಾಲರಿಯ ಆಚೆ, ಮಠದೊಳಗೆ ಯಾರೂ ಹೋಗಕೂಡದು, ಒಳಗಿದ್ದವರು ಹೊರಗೆ ಬರಕೂಡದು. ನಾನು ಅದನ್ನು ಚೆಂದದ ಅಕ್ಷರದಲ್ಲಿ ಬರೆದೆ. ಇಂಥ ವಿಚಾರಣೆಗಳು ಎಷ್ಟು ವರ್ಷ ಎಳೆಯುತ್ತವೆ ಎಂಬುದು ನನಗೆ ಗೊತ್ತಿತ್ತು.

ಬುಧವಾರ ಮಧ್ಯಾಹ್ನ ಭೇಟಿಯ ಕೋಣೆಗೆ ಹೋಗಿ ಬೆಂಚಿನ ಮೇಲೆ ಕೂತೆ. ಪರದೆಯ ಆಚೆ ಕುರ್ಚಿ ಎಳೆದ ಸದ್ದಾಯಿತು. ನನಗೆ ಏನೂ ಹೇಳಬೇಕೆನಿಸಲಿಲ್ಲ. ಹೇಳದೆಯೇ ಅವರಿಗೆ ಗೊತ್ತಾಗಿರುತ್ತದೆ, ನನ್ನಿಂದ ಅವರು ಉಳಿದರೆಂದು ಅವರಿಗೆ ಅರಿವಾಗಿರುತ್ತದೆ ಎಂದುಕೊಂಡೆ.

“ಟಕ್ ಅಂತ ಬರೆದವನು ನೀನೇನಾ?”

ನಾನು ಬೆಂಚಿನಿಂದ ಎದ್ದೇಬಿಟ್ಟೆ. ದಪ್ಪ, ಒರಟು ದನಿ. ಮೀನು ಸಂತೆಯಲ್ಲಿ ದೂರದವರನ್ನು ಕರೆಯುವಂಥದ್ದು.

“ತಾಯೀ, ನಿಮ್ಮ ವ್ರತ…”

“ಮಾತಾಡೋಕೆ ಮಠದ ಹಿರಿಯಳ ಅಪ್ಪಣೆ ಬೇಕು. ಹಿರಿಯಳು ನಾನೇ. ಬೆಳಿಗ್ಗೆ ಕೇಳ್ಕೊಂಡೆ, ಸ್ವಲ್ಪ ಯೋಚನೆ ಮಾಡಿ ಕೊಟ್ಟೆ. ಈಗ ಹೇಳು, ನೀನೇನಾ?”

“ನಾನೇ ತಾಯೀ. ನೀವು ಇಲ್ಲಿಂದ ಹೋಗಬಾರದು ಅಂತ…”

“ಯಾರು ಹೇಳಿದ್ರು ನಿನಗೆ?”

ನಾನು ಮತ್ತೆ ಬೆಂಚಿನ ಮೇಲೆ ಕೂತೆ.

“ಫೆಬ್ರವರಿಯಲ್ಲೇ ಬಿಷಪ್ಪರ ಕಾಗದ ಬಂದಿದೆ. ಫೆಬ್ರವರಿಯಿಂದ ಪೆಟ್ಟಿಗೆ ಕಟ್ಟಿಟ್ಟಿದ್ದೀನಿ. ಬಟ್ಟೆ ಬೇಕಾದ್ರೆ ದಿನಾ ಪೆಟ್ಟಿಗೆ ಬಿಚ್ಚೋದು, ಮತ್ತೆ ಕಟ್ಟೋದು. ಶುಕ್ರವಾರ ಬೆಳಿಗ್ಗೆ ಬಾಗಿಲ ಹತ್ರ ನಿಂತಿದ್ದೆ, ಗೊತ್ತಾ? ಹನ್ನೊಂದರವರೆಗೂ ನಿಂತಿದ್ದೆ. ವ್ಯಾನೂ ಇಲ್ಲ, ಗೀನೂ ಇಲ್ಲ. ಆಮೇಲೆ ರೊಟ್ಟಿ ಕೊಡೋಳು ಹೇಳಿದ್ಲು, ಹುಳ ಮಾತಾಡಿದೆ, ನೀವಿನ್ನು ಇಲ್ಲೇ ಅಂತ.”

“ನೀವು ಇಲ್ಲಿ ನೆಮ್ಮದಿಯಾಗಿದ್ದೀರಿ ಅಂತ ನಾನು…”

“ಅಲ್ಲಿ ಆರು ಜನ ಇದ್ದಾರೆ ಕಣಪ್ಪಾ. ಆರು! ಸಂಜೆ ಪ್ರಾರ್ಥನೆ ಆದ್ಮೇಲೆ ಇಸ್ಪೀಟು ಆಡ್ತಾರೆ. ನನ್ನಪ್ಪ ಬೆಸ್ತ. ನಾನು ಕಡಲು ನೋಡಿ ಐವತ್ತೆಂಟು ವರ್ಷ ಆಯ್ತು. ಇಲ್ಲಿ ಕಡೆಗೆ ಉಳಿದಿದ್ದ ಸಿಸ್ಟರ್ ಎರ್ಸೀಲಿಯಾ ತೀರಿಕೊಂಡು ಮೂರು ವರ್ಷ. ಗೋಡೆ ಜೊತೆ ಎಷ್ಟೂಂತ ಸುಮ್ಮನಿರಲಿ?”

ಕೇಳಬಾರದೆಂದುಕೊಂಡೂ ಕೇಳಿದೆ. “ಪ್ರತಿ ಬುಧವಾರ ನಾವಿಬ್ಬರೂ ಇಲ್ಲಿ ಕೂರ್ತಿದ್ವಲ್ಲ ತಾಯೀ?”

“ಹೂಂ. ಪಾಪ, ಈ ಹುಡುಗನಿಗೆ ಮನೇಲಿ ಏನೋ ಕಷ್ಟ ಇರಬೇಕು, ಕೂತ್ಕೊಂಡು ಹೋಗಲಿ ಅಂತ ಬರ್ತಿದ್ದೆ. ಬೇಜಾರು ಮಾಡ್ಕೋಬೇಡ, ಅರ್ಧ ಹೊತ್ತು ನಿದ್ದೆ ಹೊಡೀತಿದ್ದೆ.”

ಗುಡ್ಡ ಇಳಿಯುವಾಗ ದಾರಿ ಎರಡು ಸಲ ತಪ್ಪಿತು. ಹುಟ್ಟಿದಾಗಿನಿಂದ ನಡೆದ ದಾರಿ ಅದು. ಅವರು ಸುಮ್ಮನಿದ್ದರು, ಆ ಸುಮ್ಮನಿರುವಿಕೆಯ ಅಡಿಯಲ್ಲಿ ನಾನು ನನಗೆ ಬೇಕಾದದ್ದನ್ನು ಬರೆದುಕೊಂಡೆ. ನಾನೂರು ಪುಟದ ಪ್ರಬಂಧದಲ್ಲಿ ಇದರ ಬಗ್ಗೆ ಒಂದು ಅಡಿಟಿಪ್ಪಣಿಯೂ ಇರಲಿಲ್ಲ.

ಗುರುವಾರ ಮೂರಕ್ಕೆ ವಿಚಾರಣೆ. ನಾನು ನಿಜ ಹೇಳಿದರೆ ಠರಾವು ಗೆಲ್ಲುತ್ತದೆ, ವ್ಯಾನ್ ಬರುತ್ತದೆ, ಮದರ್ ಹೋಗುತ್ತಾರೆ. ಅಷ್ಟು ಸರಳ. ಮೊನ್ಸಿನ್ಯೋರ್ ನನ್ನ ಕೈಯನ್ನು ಪವಿತ್ರ ಗ್ರಂಥದ ಮೇಲೆ ಇರಿಸಿ ಕೇಳಿದರು.

“ದೊತ್ತೋರೆ, ನೀವು ಕೇಳಿದ ಸದ್ದು ಏನು?”

“ಹುಳ,” ಎಂದೆ. “ಮರ ಕೊರೆಯೋ ಹುಳ. ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ತಪ್ಪು ನನ್ನದು.”

ಮೇಯರ್ ಎರಡೂ ಕೈ ಮೇಲೆತ್ತಿದರು. ಮೊನ್ಸಿನ್ಯೋರ್ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಲಿಬೇರೊ ಮಾತ್ರ ಅವಸರ ಮಾಡಲಿಲ್ಲ. ನನ್ನ ಕಡೆ ತಿರಸ್ಕಾರದಿಂದ ನೋಡಿ, “ಓದಿದೋರನ್ನ ನಂಬಿದ್ರೆ ಇಷ್ಟೇ,” ಎಂದು ಗೊಣಗಿ, ಎದ್ದು ನಿಂತ.

“ಹುಳಾನೇ ಅಂತಿಟ್ಕೊಳ್ಳೋಣ. ಆ ಹುಳ ಎಲ್ಲಿ ಹುಟ್ಟಿತು?”

“ಸಂತರ ಒಳಗೆ,” ಎಂದ ಬಡಗಿ.

“ಏನು ತಿಂದು ಬೆಳೀತು?”

“ಸಂತರನ್ನೇ.”

“ಅಂದ್ಮೇಲೆ ಅದರ ಮೈಯಲ್ಲಿ ಇರೋದು ಎಲ್ಲಾ ಸಂತರೇ. ಮೊನ್ಸಿನ್ಯೋರ್, ನನ್ನ ಗಂಟಲಿಂದ ಬರೋದು ನನ್ನ ಮಾತು ಆದ್ರೆ, ಆತನ ಎದೆಯಿಂದ ಬಂದದ್ದು ಆತನ ಮಾತು ಯಾಕಲ್ಲ?”

“ನಿನ್ನ ಹೊಟ್ಟೇಲಿ ಹುಳ ಇದ್ರೆ ಅದಕ್ಕೂ ಮತ ಇದೆಯೇನಯ್ಯಾ?” ಎಂದರು ಮೇಯರ್.

“ಔಷಧಿ ಮಾರೋನು ನೀನು, ನೀನೇ ಹೇಳಬೇಕು!”

ಮೊನ್ಸಿನ್ಯೋರ್ ಹಣೆ ಒತ್ತಿಕೊಂಡರು. ಸಂತರ ಮೈ ಎಲ್ಲಿ ಮುಗಿಯುತ್ತದೆ, ಹುಳದ ಮೈ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ತಮಗಿಲ್ಲ, ರೋಮಿಗೆ ಬರೆಯಬೇಕಾಗುತ್ತದೆ ಎಂದರು. ಹುಳವು ಪುರಸಭೆಯ ಸದಸ್ಯರೊಳಗೆ ವಾಸವಾಗಿರುವುದರಿಂದ ರೋಮಿಗೆ ಬರೆಯುವ ಅಧಿಕಾರ ಪುರಸಭೆಯದು ಎಂದು ಲಿಬೇರೊ ಅಂದ. ಅದಕ್ಕೊಂದು ಠರಾವು ಬೇಕೆಂದಾಯಿತು. ಏಳು, ಏಳು. ಸಂತರನ್ನು ಕೇಳುವಂತಿರಲಿಲ್ಲ, ವಿಚಾರಣೆ ಅವರ ಮೇಲೆಯೇ ನಡೆದಿತ್ತು. ಎಲ್ಲರೂ ಒಮ್ಮೆಗೇ ಕೂಗತೊಡಗಿದರು. ನಾನು ಹೇಳಿದ ನಿಜ ಆ ಗದ್ದಲದಲ್ಲಿ ಎಲ್ಲಿಗೆ ಹೋಯಿತೋ ಯಾರಿಗೂ ಬೇಕಿರಲಿಲ್ಲ.

ಲೇಖನಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಗುಡ್ಡ ಹತ್ತಿ ಜಾಲರಿಯ ಮುಂದೆ ನಿಂತು ಹೇಳಿದೆ: “ತಾಯೀ, ತಪ್ಪಾಯ್ತು. ನಿಜ ಹೇಳಿದೆ, ಆದ್ರೂ ಆಗ್ಲಿಲ್ಲ. ಅವರು ಬಿಡೋ ಹಾಗೆ ಕಾಣಲ್ಲ.”

“ಯಾರು ಬಿಡಬೇಕು?”

“ಬಾಗಿಲು ತೆಗೆಯಬಾರದು ಅಂತ ಮೊನ್ಸಿನ್ಯೋರ್…”

“ಬಾಗಿಲಿನ ಬೀಗ ಒಳಗಡೆ ಇದೆ ಕಣೋ. ಯಾವಾಗಲೂ ಒಳಗಡೇನೇ ಇತ್ತು. ಬಸ್ಸು ಎಷ್ಟು ಹೊತ್ತಿಗೆ?”

“ನಾಲ್ಕೂ ಇಪ್ಪತ್ತಕ್ಕೆ.”

“ಮತ್ತೆ ನಿಂತ್ಕೊಂಡು ಏನು ನೋಡ್ತೀಯಾ? ಈ ಕಡೆ ಬಾ, ಪೆಟ್ಟಿಗೆ ಹಿಡ್ಕೋ.”

ಬಾಗಿಲು ಕಿರುಗುಟ್ಟಿ ತೆರೆಯಿತು. ನನ್ನ ಭುಜಕ್ಕೂ ಬಾರದ ಹೆಂಗಸು, ಕೆಂಪು ಮುಖ, ಗಂಡಸರ ಬೂಟು. ಮೂರು ವರ್ಷ ಎದುರು ಕೂತಿದ್ದವರನ್ನು ದಾರಿಯಲ್ಲಿ ಕಂಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಅವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಒಂದು ಕ್ಷಣ ನಿಂತರು. ಆಮೇಲೆ ನನಗಿಂತ ಬೇಗ ನಡೆದರು.

ಬಸ್ಸು ನಿಲ್ಲುವುದು ಚೌಕದಲ್ಲಿ, ಪುರಸಭೆಯ ಕಿಟಕಿಯ ಕೆಳಗೇ. ಮೇಲಿಂದ ಕೂಗಾಟ ಕೇಳುತ್ತಿತ್ತು. ‘ಮದರ್ ಹೋಗಲೇಬೇಕು’ ಎಂದು ಒಂದು ದನಿ, ‘ಮದರ್ ಇಲ್ಲೇ ಇರ್ತಾರೆ’ ಎಂದು ಇನ್ನೊಂದು. ಮದರ್ ಕತ್ತೆತ್ತಿ ಕೇಳಿಸಿಕೊಂಡರು.

“ಯಾರ ದನಿ ಅದು, ಜೋರಾಗಿರೋದು?”

“ಲಿಬೇರೊ. ನಿಮ್ಮ ಪರ.”

“ಒಳ್ಳೇ ಗಂಟಲು. ಮೀನು ಮಾರೋಕೆ ಹಾಕಬಹುದಿತ್ತು.”

ಬಸ್ಸು ಬಂತು. ಮದರ್ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತು, ಅವನ ಊರು, ಮಕ್ಕಳೆಷ್ಟು, ಈ ದಾರಿಯಲ್ಲಿ ಕಡಲು ಮೊದಲು ಕಾಣುವುದು ಯಾವ ತಿರುವಿನಲ್ಲಿ ಎಂದೆಲ್ಲ ವಿಚಾರಿಸತೊಡಗಿದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಬಸ್ಸು ಹೊರಟಾಗ ಅವರು ತಟ್ಟನೆ ಈ ಕಡೆ ಬಾಗಿದರು.

“ಒಲೆ ಮೇಲೆ ಬೀನ್ಸ್ ಸಾರು ಇದೆ. ಇಬ್ಬರಿಗಾಗುವಷ್ಟು ಇದೆ. ಹಾಳು ಮಾಡ್ಬೇಡ!”

ಮೇಲೆ ಹೋಗಿ ಹೇಳಿದ್ದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಗುಡ್ಡ ಹತ್ತಿ ಮಠದೊಳಗೆ ಹೋದೆ. ಮೊದಲ ಬಾರಿಗೆ ಜಾಲರಿಯ ಆಚೆಯ ಕಡೆ ನಿಂತು ಈಚೆ ನೋಡಿದೆ. ಪರದೆಯ ಒಂದು ತೂತಿನಿಂದ ನನ್ನ ಬೆಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಸಾರು ಇನ್ನೂ ಬೆಚ್ಚಗಿತ್ತು. ತಟ್ಟೆ ಹುಡುಕಿ ಬಡಿಸಿಕೊಂಡು ಕೂತೆ. ಕಿಟಕಿಯಿಂದ ಪುರಸಭೆಯ ಗದ್ದಲ ಸಣ್ಣಗೆ ಕೇಳುತ್ತಲೇ ಇತ್ತು. ಎದ್ದು ಕಿಟಕಿ ಮುಚ್ಚಲು ಹೋದವನು ಮುಚ್ಚದೆ ಬಂದೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಪೂರ್ತಿ ತಿಂದೆ.